ಕ್ಯಾಂಪರ್ ವ್ಯಾನಿನ (ಒಳಗೇ ಮಲಗಿ, ಅಡುಗೆ ಮಾಡುವಂಥ ಪ್ರವಾಸದ ಗಾಡಿ) ಗ್ಯಾಸ್ ಲೈನಿಗೆ ಪುಟ್ಟ ಗ್ರಿಲ್ ಜೋಡಿಸಿದರೆ ಉರಿ ಯಾಕೆ ಇಷ್ಟು ಸಣ್ಣ?

ಎರಡು ರೆಗ್ಯುಲೇಟರ್ ಒಂದರ ಹಿಂದೆ ಒಂದು ಕೂತಿವೆ, ಅದಕ್ಕೇ. ಸಿಲಿಂಡರಿನೊಳಗೆ ಒತ್ತಡ ಹಲವು ಬಾರ್ (ಒಂದು ಬಾರ್ ಅಂದರೆ ಸಾವಿರ ಮಿಲಿಬಾರ್) ಇರುತ್ತದೆ. ವ್ಯಾನಿನ ರೆಗ್ಯುಲೇಟರ್ ಅದನ್ನು ಸುಮಾರು 30 ಮಿಲಿಬಾರ್‌ಗೆ ಇಳಿಸುತ್ತದೆ, ಹೆಚ್ಚುಕಡಿಮೆ ನಮ್ಮ ಮನೆ ಒಲೆಗೆ ಬರುವಷ್ಟು. ಸಣ್ಣ ಡಬ್ಬಿ ಗ್ಯಾಸಿಗೆಂದು ಮಾಡಿದ ಗ್ರಿಲ್‌ಗೆ ತನ್ನದೇ ರೆಗ್ಯುಲೇಟರ್ ಇರುತ್ತದೆ. ಅದಕ್ಕೆ ಬೇಕಾಗಿದ್ದು ಜಾಸ್ತಿ ಒತ್ತಡ, ಸಿಗುವುದು ಮೊದಲೇ ಸೊರಗಿದ ಗ್ಯಾಸ್. ಆ ಉರಿಯಲ್ಲಿ ದಾವಣಗೆರೆ ಬೆಣ್ಣೆ ದೋಸೆ ಇರಲಿ, ಹಂಚೂ ಕಾಯುವುದಿಲ್ಲ!

ಕಡಿಮೆ ಒತ್ತಡದ ಲೈನಿಗೆಂದೇ ಮಾಡಿದ ಗ್ರಿಲ್ ತನ್ನಿ. ಇಲ್ಲವೇ ನಿಮ್ಮ ಗ್ರಿಲ್ ಕಂಪನಿಯೇ ಕೊಡುವ ಕಿಟ್ ಇದ್ದರೆ, ಗ್ರಿಲ್‌ನ ರೆಗ್ಯುಲೇಟರ್ ತೆಗೆಸಿ ನೇರ ಜೋಡಿಸಿ. ವ್ಯಾನಿನದನ್ನು ಮಾತ್ರ ಬಿಚ್ಚಲೇಬೇಡಿ. ಒಳಗಿನ ಒಲೆಗೂ ಅದೇ ಕಾವಲು. ಉರಿ ಹಚ್ಚುವ ಮುಂಚೆ ಜೋಡಣೆಗೆ ಸೋಪಿನ ನೀರು ಸವರಿ, ಗುಳ್ಳೆ ಏಳುತ್ತಾ ನೋಡಿ.