ಓದುಗರ ಪ್ರಶ್ನೆ: ಮೂಕಿ ಚಿತ್ರದ ಕುಣಿತ ಯಾಕೆ ದಡಬಡ?

ಪ್ರಶ್ನೆ: ನಮ್ಮ ಕನ್ನಡ ಬಳಗದಲ್ಲಿ 1920ರ ದಶಕದ ಮೂಕಿ ಹಾಸ್ಯಚಿತ್ರವೊಂದನ್ನು ತಬಲಾ, ಹಾರ್ಮೋನಿಯಂ ಜೊತೆ ತೋರಿಸಲಿದ್ದೇವೆ. ನರ್ತಕಿಯಾಗಲು ಹಂಬಲಿಸುವ ಹುಡುಗಿಯ ಕತೆ. ಲ್ಯಾಪ್‌ಟಾಪಿನಲ್ಲಿ ಹಾಕಿದರೆ ಅವಳ ಕುಣಿತ ದಡಬಡ ಓಡುತ್ತದೆ, ತಾಳ ಕೂರುವುದಿಲ್ಲ. ಏನು ಮಾಡಬೇಕು?
– ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಮೊದಲು ವೇಗ ಸರಿಮಾಡಿಕೊಳ್ಳಿ, ತಾಳದ ಮಾತು ಆಮೇಲೆ. ಆಗಿನ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16ರಿಂದ 20 ಫ್ರೇಮು, ಅಂದರೆ ಬಿಡಿ ಚಿತ್ರ, ಸಾಮಾನ್ಯ. ಧ್ವನಿ ಬಂದ ಮೇಲೆ 24 ಖಾಯಂ ಆಯಿತು. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಕುಣಿತ ಒಂದೂವರೆ ಪಟ್ಟು ವೇಗವಾಗುತ್ತದೆ. 1,000 ಅಡಿಯ 35 ಮಿ.ಮೀ. ರೀಲು 16ರಲ್ಲಿ 16 ನಿಮಿಷ 40 ಸೆಕೆಂಡು ಓಡಿದರೆ, 24ರಲ್ಲಿ 11 ನಿಮಿಷಕ್ಕೇ ಮುಗಿಯುತ್ತದೆ.

ಆದರೆ ನಿಮ್ಮ ಪ್ರತಿಯನ್ನು ಯಾರಾದರೂ ಮೊದಲೇ ಸರಿಪಡಿಸಿರಲೂಬಹುದು. ಹಾಗಾಗಿ ಹುಡುಗಿ ಜಿಗಿಯುವ ಕಡೆ ಪರೀಕ್ಷಿಸಿ. ನೆಲದಿಂದ ಒಂದು ಅಡಿ ಜಿಗಿದವರು ಮತ್ತೆ ನೆಲ ಮುಟ್ಟಲು ಸುಮಾರು ಅರ್ಧ ಸೆಕೆಂಡು ಬೇಕು. ಗುರುತ್ವ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಸೆಕೆಂಡಿನ ಮೂರನೇ ಒಂದು ಭಾಗದಲ್ಲೇ ಇಳಿದುಬಿಟ್ಟರೆ ವೇಗ ಹೆಚ್ಚಾಗಿದೆ ಎಂದೇ ಅರ್ಥ. ಲಂಗದ ಅಂಚು ಇಳಿಯುವುದನ್ನೂ ನೋಡಿ. ಬೀಳುವ, ಅಟ್ಟಿಸಿಕೊಂಡು ಓಡುವ ದೃಶ್ಯಗಳನ್ನು ಮಾತ್ರ ಅಳತೆಗೆ ಹಿಡಿಯಬೇಡಿ. ನಗೆ ಬರಲೆಂದು ಅಲ್ಲಿ ಹ್ಯಾಂಡಲನ್ನು ಬೇಕೆಂದೇ ನಿಧಾನ ತಿರುಗಿಸುತ್ತಿದ್ದರು, ಅವು ಚುರುಕಾಗಿಯೇ ಇರಬೇಕು.

ವಿಎಲ್‌ಸಿ ಪ್ಲೇಯರಿನಲ್ಲಿ ವೇಗವನ್ನು 0.8ಕ್ಕೆ ಇಳಿಸಿದರೆ 24ರ ಪ್ರತಿ ಸುಮಾರು 19ರಲ್ಲಿ ಓಡುತ್ತದೆ. ಹಾಸ್ಯಕ್ಕೆ ಇದು ಒಳ್ಳೆಯ ಜಾಗ; 0.7ಕ್ಕಿಂತ ಕೆಳಗಿಳಿದರೆ ನಗೆಯ ಹೊಡೆತ ಸಡಿಲವಾಗುತ್ತದೆ. ಪ್ರತಿಯಲ್ಲಿರುವ ಸಂಗೀತವನ್ನು ಮ್ಯೂಟ್ ಮಾಡಿ. ದೃಶ್ಯಗಳ ನಡುವೆ ಮಾತು ಬರೆದು ತೋರಿಸುವ ಶೀರ್ಷಿಕೆ 5 ಸೆಕೆಂಡಿನದ್ದಾದರೆ ಈಗ 6 ಸೆಕೆಂಡಿಗಿಂತ ತುಸು ಹೆಚ್ಚು ನಿಲ್ಲುತ್ತದೆ. ಕನ್ನಡದಲ್ಲಿ ಗಟ್ಟಿಯಾಗಿ ಓದುವುದಾದರೆ ಹನ್ನೆರಡು ಪದ ಮೀರಬೇಡಿ.

ಇನ್ನು ತಬಲಾ. ಹುಡುಗಿಯ ಹೆಜ್ಜೆ ಎಣಿಸಿ: 8 ಸೆಕೆಂಡಿಗೆ 16 ಬಿದ್ದರೆ ನಿಮಿಷಕ್ಕೆ 120 ಮಾತ್ರೆ (ತಾಳದ ಎಣಿಕೆ), ಎಂಟು ಮಾತ್ರೆಯ ಕೆಹರ್ವಾ ತಾಳ ಸಲೀಸಾಗಿ ಕೂರುತ್ತದೆ. ಶಾಟ್ ಬದಲಾದಾಗ ಹೆಜ್ಜೆ ತಪ್ಪುವುದು ಸಹಜ. ಅದನ್ನು ಬೆನ್ನಟ್ಟದೆ ಹಾರ್ಮೋನಿಯಂ ಲಹರಾ (ಮತ್ತೆ ಮತ್ತೆ ನುಡಿಸುವ ಒಂದೇ ಸ್ವರಸಾಲು) ಹಿಡಿದಿರಲಿ. ಅವಳು ಜಾರಿ ಬೀಳುವ ಕ್ಷಣಕ್ಕೆ ತಿಹಾಯಿ (ಮೂರು ಸಲ ನುಡಿಸಿ ಮುಗಿಸುವ ಬೋಲು) ಮುಗಿಯಬೇಕು ಎಂದಿದ್ದರೆ, 12 ಮಾತ್ರೆಯ ತಿಹಾಯಿಯನ್ನು 6 ಸೆಕೆಂಡು ಮೊದಲೇ ಎತ್ತಿಕೊಳ್ಳಬೇಕು. ಇಲ್ಲೇ ಹೆಚ್ಚಿನವರು ಎಡವುವುದು: ರಿಹರ್ಸಲ್ 0.8ರಲ್ಲಿ ಮಾಡಿ ಪ್ರದರ್ಶನದ ದಿನ 0.7ಕ್ಕೆ ಇಳಿಸಿದರೆ ತಬಲಾ ಹೆಚ್ಚುಕಡಿಮೆ ಒಂದು ಸೆಕೆಂಡು ಮೊದಲೇ ಮುಗಿದು, ನಗೆ ಹಾಳಾಗುತ್ತದೆ. ವೇಗವನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿ.

ಪ್ರಶ್ನೆ: ನಮ್ಮ ಮೂಕಿ ಚಿತ್ರಗಳಲ್ಲಿ ಹೆಂಗಸರು ನಟಿಸುತ್ತಿದ್ದರೆ?
– ಓದುಗರೊಬ್ಬರು, ಮಾಟುಂಗಾ, ಮುಂಬೈ

ಉತ್ತರ: ಮೊದಮೊದಲು ಇಲ್ಲ. 1913ರ ಮೇ 3ರಂದು ಮುಂಬೈ ಗಿರಗಾಂವಿನ ಕೊರೊನೇಷನ್ ಚಿತ್ರಮಂದಿರದಲ್ಲಿ ತೆರೆಕಂಡ, ನಿರ್ದೇಶಕ ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದಲ್ಲಿ ಹರಿಶ್ಚಂದ್ರನ ಹೆಂಡತಿ ತಾರಾಮತಿಯಾದವರು ಸಾಳುಂಕೆ ಎಂಬ ಗಂಡಸು. ಅದೇ ವರ್ಷ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಪಾರ್ವತಿಯಾದರು, ಮಗಳು ಕಮಲಾಬಾಯಿ ಮೋಹಿನಿಯಾದರು.