ಹಿಗ್ಗಿಸಿದ ಅನ್ನನಾಳ ಮತ್ತೆ ಕಿರಿದಾಗುತ್ತಿದೆ, ಔಷಧಿ ಹಚ್ಚಿಸಬಹುದೇ?

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಎರಡು ವರ್ಷದ ಹಿಂದೆ, ನೀರಿನ ಬಾಟಲಿಯಲ್ಲಿ ತುಂಬಿಟ್ಟಿದ್ದ ಟಾಯ್ಲೆಟ್ ತೊಳೆಯುವ ಆಸಿಡ್ ಕುಡಿದುಬಿಟ್ಟ. ಇದುವರೆಗೆ ಎಂಟು ಸಲ ಬಲೂನ್ ಹಾಕಿ ಅನ್ನನಾಳ ಹಿಗ್ಗಿಸಿದ್ದಾರೆ. ಮೂರು ವಾರ ಚೆನ್ನಾಗಿರುತ್ತಾನೆ, ಆಮೇಲೆ ಮೆತ್ತಗಿನ ಅನ್ನವೂ ಇಳಿಯುವುದಿಲ್ಲ. ಈಗ ಮೈಟೊಮೈಸಿನ್ ಹಚ್ಚೋಣ ಎನ್ನುತ್ತಿದ್ದಾರೆ. ಅದು ಕ್ಯಾನ್ಸರ್ ಔಷಧಿಯಂತೆ, ಭಯವಾಗುತ್ತಿದೆ. ಹಚ್ಚಿಸಬಹುದೇ ಡಾಕ್ಟ್ರೇ?
– ಓದುಗರು, ಪೀಣ್ಯ, ಬೆಂಗಳೂರು

ಉತ್ತರ: ಕಿರಿದಾದ ಭಾಗ ಚಿಕ್ಕದಾಗಿದ್ದರೆ ಹಚ್ಚಿಸಬಹುದಮ್ಮಾ. ಆದರೆ ಈ ಔಷಧಿ ಅನ್ನನಾಳವನ್ನು ತೆರೆಯುವುದಿಲ್ಲ. ತೆರೆಯುವುದು ಬಲೂನೇ. ತೆರೆದದ್ದು ಬೇಗ ಮುಚ್ಚಿಕೊಳ್ಳದಂತೆ ತಡೆಯುವುದಷ್ಟೇ ಔಷಧಿಯ ಕೆಲಸ.

ಬಲೂನ್ ಉಬ್ಬಿದಾಗ, ಆಸಿಡ್ ಸುಟ್ಟ ಜಾಗದಲ್ಲಿ ಗಟ್ಟಿಯಾದ ಗಾಯದ ಕಲೆ ಸಣ್ಣಗೆ ಬಿರಿಯುತ್ತದೆ. ಆ ಬಿರುಕು ಮಾಯಲು ದೇಹ ಅಲ್ಲಿ ಮತ್ತೆ ನಾರು ನೇಯುತ್ತದೆ. ಕೆಲವರಲ್ಲಿ ಅದು ಬೇಕಾದ್ದಕ್ಕಿಂತ ಹೆಚ್ಚು. ನಿಮ್ಮ ಮಗುವಿಗೆ ಮೂರು ವಾರಕ್ಕೇ ತೊಂದರೆ ಮರಳುತ್ತಿರುವುದು ಇದರಿಂದಲೇ, ನಿಮ್ಮ ಆರೈಕೆಯ ತಪ್ಪಿನಿಂದಲ್ಲ. ನಾರು ನೇಯುವ ಜೀವಕೋಶಗಳು ಹೆಚ್ಚದಂತೆ ಮೈಟೊಮೈಸಿನ್ ತಡೆಯುತ್ತದೆ. ಗ್ಲಾಕೋಮಾ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನ ವೈದ್ಯರು ಎಷ್ಟೋ ವರ್ಷಗಳಿಂದ ಇದನ್ನು ಹಚ್ಚುತ್ತಿರುವುದೂ ಇದೇ ಕಾರಣಕ್ಕೆ. ಕೆಲವು ಕ್ಯಾನ್ಸರ್‌ಗಳಿಗೆ ಇದನ್ನು ರಕ್ತನಾಳಕ್ಕೆ ಕೊಡುತ್ತಾರೆ. ನಿಮ್ಮ ಮಗುವಿಗೆ ಮಾಡುವುದು ಬೇರೆ: ಅರಿವಳಿಕೆ ಕೊಟ್ಟು, ಅನ್ನನಾಳ ಹಿಗ್ಗಿಸಿ, ನೇರಳೆ ಬಣ್ಣದ ಈ ದ್ರಾವಣದಲ್ಲಿ ಅದ್ದಿದ ಪುಟ್ಟ ಹತ್ತಿ ತುಂಡನ್ನು ಬಿರಿದ ಜಾಗಕ್ಕೆ ಮಾತ್ರ ತಾಗಿಸಿ ಕೆಲವು ನಿಮಿಷ ಹಿಡಿಯುತ್ತಾರೆ. ಆಮೇಲೆ ನೀರಿನಿಂದ ತೊಳೆಯುತ್ತಾರೆ. ಪಕ್ಕದ ಆರೋಗ್ಯವಂತ ಭಾಗಕ್ಕೆ ಔಷಧಿ ಸೋಕದಂತೆ ಏನು ಮಾಡುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ. ನಾನು ಈ ಪ್ರಶ್ನೆಗೆ ತುಂಬಾ ಬೆಲೆ ಕೊಡುತ್ತೇನೆ.

2013ರಲ್ಲಿ ಪ್ರಕಟವಾದ ಈಜಿಪ್ಟ್ ವೈದ್ಯರ ಅಧ್ಯಯನದಲ್ಲಿ, ಇಂಥದ್ದೇ ಸುಟ್ಟಗಾಯದಿಂದ ಅನ್ನನಾಳದ ಚಿಕ್ಕ ಭಾಗ ಮಾತ್ರ ಕಿರಿದಾಗಿದ್ದ 40 ಮಕ್ಕಳಿದ್ದರು. ಮೈಟೊಮೈಸಿನ್ ಹಚ್ಚಿದವರಲ್ಲಿ ಶೇ 80ರಷ್ಟು ಮಕ್ಕಳಿಗೆ ತೊಂದರೆ ಪೂರ್ತಿ ನೀಗಿತು. ಹಿಗ್ಗಿಸಿ, ಈ ಔಷಧಿ ಹಚ್ಚದೆ ಬಿಟ್ಟವರಲ್ಲಿ ಅದು ಶೇ 35. ಭರವಸೆಯ ಫಲಿತಾಂಶವೇ, ಆದರೆ ಮಕ್ಕಳ ಸಂಖ್ಯೆ ಚಿಕ್ಕದು. ಉದ್ದಕ್ಕೂ ಕಿರಿದಾಗಿರುವ ಅನ್ನನಾಳಕ್ಕೆ ಈ ಲೆಕ್ಕ ಹಾಕಬಾರದು. ಹಾಗಾಗಿ ಮೊದಲು ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇ ನೋಡಿ, ಎಷ್ಟು ಸೆಂಟಿಮೀಟರ್ ಕಿರಿದಾಗಿದೆ ಎಂದು ತಿಳಿದುಕೊಳ್ಳಿ. ಆಸಿಡ್ ಹೊಟ್ಟೆಯ ಕೆಳಬಾಯಿಯನ್ನೂ ಸುಡುವುದುಂಟು. ನುಂಗಿದ್ದು ಇಳಿದರೂ ಸ್ವಲ್ಪ ಹೊತ್ತಿನ ಮೇಲೆ ಮಗು ವಾಂತಿ ಮಾಡಿಕೊಳ್ಳುತ್ತಿದ್ದರೆ ಅದನ್ನೂ ಹೇಳಿ.

ಹಿಗ್ಗಿಸುವಾಗ ಕಲೆಯೊಳಕ್ಕೆ ಸ್ಟಿರಾಯ್ಡ್ ಚುಚ್ಚುವ ದಾರಿಯೂ ಇದೆ. ಇವು ಯಾವುದೂ ಫಲ ಕೊಡದಿದ್ದರೆ ಜಠರ ಅಥವಾ ದೊಡ್ಡ ಕರುಳಿನ ತುಂಡಿನಿಂದ ಹೊಸ ಅನ್ನನಾಳ ಕಟ್ಟುವ ದೊಡ್ಡ ಶಸ್ತ್ರಚಿಕಿತ್ಸೆ. ಅದಕ್ಕೆ ಮುಂಚೆ ಹಚ್ಚಿ ನೋಡುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಒಂದೇ ಸಲಕ್ಕೆ ಮುಗಿಯಲಿಕ್ಕಿಲ್ಲ, ಮತ್ತೆ ಹಚ್ಚಬೇಕಾಗಬಹುದು.

ಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವಲ್ಲ, ಈ ಮಗುವಿಗೆ ಸದ್ಯಕ್ಕೆ ಅದು ಬೇಡ. ರಾಗಿ ಅಂಬಲಿ, ಚೆನ್ನಾಗಿ ಹಿಸುಕಿದ ಬೇಳೆ ಅನ್ನ ಕೊಡಿ, ಪ್ರತಿ ತಿಂಗಳು ತೂಕ ಬರೆದಿಡಿ. ಆಸಿಡ್‌ನಿಂದ ಸುಟ್ಟ ಅನ್ನನಾಳದಲ್ಲಿ ದಶಕಗಳ ನಂತರ ಕ್ಯಾನ್ಸರ್ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಹಾಗಾಗಿ ಅವನು ದೊಡ್ಡವನಾದ ಮೇಲೂ ಆಗಾಗ ಎಂಡೋಸ್ಕೋಪಿ ಮಾಡಿಸಿಕೊಳ್ಳುತ್ತಿರಬೇಕು. ಈಗಿನ ಕಾಗದಪತ್ರಗಳನ್ನೆಲ್ಲ ಜೋಪಾನವಾಗಿಡಿ.

ಹಿಗ್ಗಿಸಿದ ದಿನ ಅಥವಾ ಮರುದಿನ ಎದೆ ನೋವು, ಜ್ವರ, ಉಸಿರಾಟದ ತೊಂದರೆ, ಕುತ್ತಿಗೆಯಲ್ಲಿ ಊತ ಕಂಡರೆ ಅನ್ನನಾಳ ತೂತಾಗಿರಬಹುದು. ಒಂದು ಗುಟುಕು ನೀರೂ ಕೊಡಬೇಡಿ, ರಾತ್ರಿಯಾದರೂ ಸರಿ, ನೇರವಾಗಿ ಎಮರ್ಜೆನ್ಸಿಗೆ ಕರೆತನ್ನಿ.