ಪಕ್ಕದ ರೆಫ್ಯೂಜಿಯಂಗೆ ಎರಡು ಪಂಪ್ ಬೇಡ, ಒಂದೇ ಸಾಕು

ನಿಮ್ಮ ಪ್ರಶ್ನೆ ಇಷ್ಟು: ನಾಲ್ಕಡಿಯ ಮೆರೈನ್ (ಉಪ್ಪುನೀರಿನ) ಟ್ಯಾಂಕ್ ಇದೆ, ಸ್ಟ್ಯಾಂಡಿನ ಒಳಗೆ ಸಂಪ್ (ಮೇಲಿನ ನೀರು ಇಳಿದು, ಪಂಪಿನಿಂದ ಮತ್ತೆ ಮೇಲೇರುವ ತೊಟ್ಟಿ) ಇದೆ, ಆದರೆ ಸಂಪಿನಲ್ಲಿ ಪಾಚಿ ಬೆಳೆಸಲು ಜಾಗ ಇಲ್ಲ. ಪಕ್ಕದಲ್ಲಿ ಎರಡಡಿಯ ಬೇರೆ ಟ್ಯಾಂಕ್ ಇಟ್ಟು ರೆಫ್ಯೂಜಿಯಂ, ಅಂದರೆ ಪಾಚಿ ಬೆಳೆಸುವ ತೊಟ್ಟಿ, ಮಾಡಬೇಕು ಅಂತಿದ್ದೀರಿ. ಒಂದು ಪಂಪ್ ಅದಕ್ಕೆ ನೀರು ತುಂಬಲಿ, ಅದೇ ಕಂಪನಿಯ ಅದೇ ಸೈಜಿನ ಇನ್ನೊಂದು ಪಂಪ್ ಆ ನೀರನ್ನು ವಾಪಸ್ ಸಂಪಿಗೆ ಹಾಕಲಿ, ಇದು ನಡೆಯುತ್ತಾ ಅಂತ ಕೇಳಿದ್ದೀರಿ.

ನಡೆಯುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಡಬ್ಬದ ಮೇಲೆ ಒಂದೇ ನಂಬರ್ ಬರೆದಿದ್ದರೂ ಎರಡು ಪಂಪ್ ಒಂದೇ ಸಮ ನೀರು ತಳ್ಳುವುದಿಲ್ಲ. ಒಂದರ ಪೈಪ್ ಸ್ವಲ್ಪ ಉದ್ದ ಇರುತ್ತದೆ, ಇನ್ನೊಂದರ ರೆಕ್ಕೆಗೆ ಒಂದೆಳೆ ಪಾಚಿ ಸುತ್ತಿಕೊಂಡಿರುತ್ತದೆ. ಗಂಟೆಗೆ ಬರೀ 10 ಲೀಟರ್ ವ್ಯತ್ಯಾಸ ಬಂತು ಅಂತಿಟ್ಟುಕೊಳ್ಳಿ. 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಟ್ಯಾಂಕಿನಲ್ಲಿ ಗಂಟೆಗೆ ಸುಮಾರು 3.7 ಸೆಂ.ಮೀ. ನೀರು ಏರುತ್ತದೆ, ಇಲ್ಲವೇ ಇಳಿಯುತ್ತದೆ. ನೀವು ಮಲಗಿ ಏಳುವಷ್ಟರಲ್ಲಿ ಒಂದೋ ಉಪ್ಪುನೀರು ನೆಲದ ತುಂಬ ಹರಿದಿರುತ್ತದೆ, ಅಥವಾ ರೆಫ್ಯೂಜಿಯಂ ಬರಿದಾಗಿ ಪಂಪ್ ನೀರಿಲ್ಲದೆ ಓಡುತ್ತಿರುತ್ತದೆ. ಫ್ಲೋಟ್ ಸ್ವಿಚ್ ಹಾಕಿ ಸರಿದೂಗಿಸೋಣ ಅಂತ ಯಾರಾದರೂ ಹೇಳಿದರೂ ಒಪ್ಪಬೇಡಿ. ಫ್ಲೋಟಿಗೆ ಉಪ್ಪು ಕಟ್ಟುತ್ತದೆ, ಬಸವನಹುಳ ಹತ್ತಿ ಕೂರುತ್ತದೆ. ಎರಡು ಟ್ಯಾಂಕ್‌ಗಳ ನಡುವೆ ಬಗ್ಗಿಸಿದ ಪೈಪ್ ಇಟ್ಟು ಸೈಫನ್ನಿನಿಂದ ಮಟ್ಟ ಸಮ ಮಾಡುವುದೂ ಅಷ್ಟೇ. ಗುಳ್ಳೆಗಳು ಸೇರಿ ಸೇರಿ ಒಂದು ದಿನ ಸೈಫನ್ ಕಡಿದುಹೋಗುತ್ತದೆ.

ನಮ್ಮ ಮನೆಗಳ ನೀರಿನ ವ್ಯವಸ್ಥೆಯನ್ನೇ ನೋಡಿ. ಕೆಳಗಿನ ಸಂಪಿನಿಂದ ಮೋಟಾರ್ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಅಲ್ಲಿಂದ ನಲ್ಲಿಗೆ ನೀರು ತಾನೇ ಇಳಿಯುತ್ತದೆ, ಅದಕ್ಕೆ ಮೋಟಾರ್ ಬೇಡ. ಅಕ್ವೇರಿಯಂನಲ್ಲೂ ಇದೇ ನಿಯಮ. ಏರಿಸುವ ಪಂಪ್ ಒಂದೇ ಇರಲಿ. ವಾಪಸ್ ಬರುವ ನೀರೆಲ್ಲ ತನ್ನ ಭಾರಕ್ಕೆ ತಾನೇ ಇಳಿಯಲಿ. ಪಂಪ್ ಎಷ್ಟು ಕೊಡುತ್ತದೋ ಅಷ್ಟೇ ಹೊರಗೆ ಹೋಗುತ್ತದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಹಾಗಾಗಲು ರೆಫ್ಯೂಜಿಯಂನ ನೀರಿನ ಮಟ್ಟ ಸಂಪಿನ ನೀರಿಗಿಂತ ಮೇಲಿರಬೇಕು. ಸಂಪಿನ ನೀರು ನೆಲದಿಂದ ಒಂದಡಿ ಎತ್ತರದಲ್ಲಿದೆ ಅಂದರೆ, ಒಂದೂವರೆ ಅಡಿಯ ಗಟ್ಟಿ ಸ್ಟ್ಯಾಂಡಿನ ಮೇಲೆ ರೆಫ್ಯೂಜಿಯಂ ಇಟ್ಟು, ಹಿಂದಿನ ಗಾಜಿನ ಮೇಲ್ಭಾಗದಲ್ಲಿ ತೂತು ಮಾಡಿಸಿದರೆ ಬೇಕಾದಷ್ಟು ಇಳಿಜಾರು ಸಿಗುತ್ತದೆ. ಸ್ಟ್ಯಾಂಡ್ ಗಟ್ಟಿ ಅಂದಿದ್ದು ಸುಮ್ನೆ ಅಲ್ಲ. 100 ಲೀಟರ್ ಸಮುದ್ರದ ನೀರೇ 102 ಕೆ.ಜಿ.ಗಿಂತ ಜಾಸ್ತಿ ತೂಗುತ್ತದೆ, ಗಾಜು, ಮರಳು ಬೇರೆ. ಗಾರೆಯವರ ರಸಮಟ್ಟ ಇಟ್ಟು ನಾಲ್ಕೂ ಕಡೆ ನೋಡಿ. ರೆಫ್ಯೂಜಿಯಂ ಅನ್ನು ಡಿಸ್‌ಪ್ಲೇ ಟ್ಯಾಂಕಿಗಿಂತ (ಮೀನಿರುವ ಮುಖ್ಯ ಟ್ಯಾಂಕಿಗಿಂತ) ಮೇಲೆ ಇಡುವ ಅನುಕೂಲ ಇದ್ದರೆ ಇನ್ನೂ ಚೆನ್ನ. ಆಗ ಮೀನುಗಳು ತಿನ್ನುವ ಪುಟ್ಟ ಜೀವಿಗಳಾದ ಕೋಪೆಪಾಡ್‌ಗಳು ಪಂಪಿನೊಳಗೆ ಹೋಗದೆ ನೇರ ಮೀನುಗಳ ಹತ್ತಿರ ಇಳಿಯುತ್ತವೆ. ಆದರೆ ಅದಕ್ಕಾಗಿ ಗೋಡೆ ಕೊರೆಯುವ ಸಾಹಸ ಬೇಡ. ನನ್ನದು ಪಕ್ಕದಲ್ಲೇ ಇದೆ, ನೀರು ಸಂಪಿಗೆ ಇಳಿದು ಪಂಪಿನ ಮೂಲಕವೇ ಮೇಲೆ ಹೋಗುತ್ತದೆ. ರಾತ್ರಿ ಟಾರ್ಚ್ ಬಿಟ್ಟರೆ ಡಿಸ್‌ಪ್ಲೇ ಟ್ಯಾಂಕಿನ ಗಾಜಿನ ಮೇಲೆ ಬಿಳಿ ಚುಕ್ಕೆಗಳಂತೆ ಅವು ಓಡಾಡುವುದು ಧಾರಾಳವಾಗಿ ಕಾಣುತ್ತದೆ.

ಈಗ ನೀರು ಎಲ್ಲಿಂದ ತರುವುದು? ಡಿಸ್‌ಪ್ಲೇಯಿಂದ ಇಳಿಯುವ ಪೈಪಿಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಅಲ್ಲಿಂದ ತರುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಮೀನಿನ ಹೊಲಸೆಲ್ಲ ಬಂದು ರೆಫ್ಯೂಜಿಯಂ ತಳದಲ್ಲಿ ಕೂರುತ್ತದೆ, ಹರಿವೂ ಹೇಳಿದಂತೆ ಕೇಳುವುದಿಲ್ಲ. ಸಂಪಿನಿಂದ ಮೇಲೆ ಹೋಗುವ ರಿಟರ್ನ್ ಪೈಪಿಗೆ ಟೀ ಹಾಕಿ ಕವಲು ತೆಗೆಯಿರಿ, ಆ ಕವಲಿಗೆ ಒಂದು ವಾಲ್ವ್ ಇರಲಿ. ಇಲ್ಲೊಂದು ವಿಷಯ ಗಮನಿಸಿ. ಕವಲು ಡಿಸ್‌ಪ್ಲೇಗಿಂತ ತಗ್ಗಿನಲ್ಲಿ ತೆರೆದುಕೊಳ್ಳುತ್ತದೆ, ಅಲ್ವಾ? ನೀರಿಗೆ ಸುಲಭದ ದಾರಿಯೇ ಬೇಕು. ವಾಲ್ವ್ ಪೂರ್ತಿ ತೆರೆದರೆ ಬಹುಪಾಲು ನೀರು ರೆಫ್ಯೂಜಿಯಂಗೆ ನುಗ್ಗಿ, ಮೇಲಿನ ಟ್ಯಾಂಕಿಗೆ ಸಣ್ಣ ಧಾರೆಯಷ್ಟೇ ಹೋಗುತ್ತದೆ. ಹಾಗಾಗಿ ವಾಲ್ವನ್ನು ಮೊದಲು ಪೂರ್ತಿ ಮುಚ್ಚಿ ಪಂಪ್ ಹಾಕಿ, ಆಮೇಲೆ ನಿಧಾನವಾಗಿ ತೆರೆಯುತ್ತಾ ಬನ್ನಿ. ಬಾಲ್ ವಾಲ್ವಿಗಿಂತ ಪ್ಲಾಸ್ಟಿಕ್ ಗೇಟ್ ವಾಲ್ವ್ ಸಿಕ್ಕರೆ ಅದೇ ಒಳ್ಳೆಯದು, ಚೂರು ಚೂರೇ ತಿರುಗಿಸಬಹುದು. ಹರಿವು ಅಳೆಯಲು ಮೀಟರ್ ಬೇಡ. ಒಂದು ಲೀಟರಿನ ಜಗ್ ಹಿಡಿಯಿರಿ, ಮೊಬೈಲಿನಲ್ಲಿ ಸಮಯ ನೋಡಿ. 8 ಸೆಕೆಂಡಿಗೆ ತುಂಬಿದರೆ ಗಂಟೆಗೆ 450 ಲೀಟರ್. 100 ಲೀಟರಿನ ರೆಫ್ಯೂಜಿಯಂಗೆ ಅಷ್ಟಿದ್ದರೆ ಶುರು ಮಾಡಲು ಸಾಕು.

ರೆಫ್ಯೂಜಿಯಂನಿಂದ ಸಂಪಿಗೆ ವಾಪಸ್ ಇಳಿಯುವ ಪೈಪ್ ಮಾತ್ರ ತರುವ ಪೈಪಿಗಿಂತ ಒಂದು ಸೈಜ್ ದೊಡ್ಡದಿರಲಿ. ಮುಕ್ಕಾಲು ಇಂಚು ಒಳಗೆ ಬಂದರೆ ಒಂದಿಂಚು ಹೊರಗೆ. ಆ ಪೈಪಿಗೆ ವಾಲ್ವ್ ಹಾಕಬೇಡಿ. ಹರಿವು ಕಡಿಮೆ ಮಾಡಬೇಕಾದರೆ ಒಳಬರುವ ಕಡೆಯೇ ಮಾಡಿ. ಪೈಪ್ ಶುರುವಿನಿಂದ ಕೊನೆತನಕ ಇಳಿಯುತ್ತಲೇ ಇರಬೇಕು, ನಡುವೆ ಎಲ್ಲೂ ಮತ್ತೆ ಮೇಲೇರಬಾರದು. ಏರಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ನೀರು ತಡೆಯುತ್ತದೆ. ಸಂಪಿನಲ್ಲಿ ಅದರ ಬಾಯಿ ನೀರಿನಲ್ಲಿ ಒಂದೆರಡು ಸೆಂ.ಮೀ. ಮುಳುಗಿದ್ದರೆ ಸಾಕು. ಜಾಸ್ತಿ ಮುಳುಗಿಸಿದರೆ ಗುಳುಗುಳು ಸದ್ದು ನಿಲ್ಲುವುದೇ ಇಲ್ಲ. ಸಾಧ್ಯವಾದರೆ ಎರಡನೇ ತೂತೊಂದನ್ನು ಒಂದಿಂಚು ಮೇಲೆ ಮಾಡಿಸಿ, ಅದರಿಂದಲೂ ಪೈಪ್ ಸಂಪಿಗೆ ಬಿಡಿ. ಮೊದಲನೆಯದು ಕಟ್ಟಿಕೊಂಡ ದಿನ ಅದು ಮನೆ ಉಳಿಸುತ್ತದೆ. ಕಟ್ಟಿಕೊಳ್ಳುವುದು ಖಂಡಿತ. ರೆಫ್ಯೂಜಿಯಂನಲ್ಲಿ ಬೆಳೆಸುವ ಕೀಟೊ ಪಾಚಿ ತಂತಿಯ ಹಾಗೆ ಎಳೆಎಳೆಯಾಗಿ ಇರುತ್ತದೆ, ಒಂದು ತುಂಡು ಕಿತ್ತುಬಂದರೂ ನೇರ ಪೈಪಿನ ಬಾಯಿಗೇ ಹೋಗಿ ಅಂಟುತ್ತದೆ. ಆದ್ದರಿಂದ ತೂತಿನ ಮುಂದೆ ಅಕ್ರಿಲಿಕ್ ಬಾಚಣಿಗೆ ಅಥವಾ ಅಗಲವಾದ ಪ್ಲಾಸ್ಟಿಕ್ ಜಾಲರಿ ಇರಲೇಬೇಕು. ಸಣ್ಣ ಜಾಲರಿ ಬೇಡ, ಅದೇ ಬೇಗ ಕಟ್ಟಿಕೊಳ್ಳುತ್ತದೆ.

ತೂತಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಸೋರುವುದು ಇಲ್ಲೇ. ಕೊರೆಯುವುದು ಖಾಲಿ ಇರುವ ಹೊಸ ಟ್ಯಾಂಕನ್ನು ಮಾತ್ರ, ಮೀನಿರುವ ಟ್ಯಾಂಕನ್ನು ಮುಟ್ಟಬೇಡಿ. ಟಫನ್ಡ್ ಗಾಜನ್ನು ಕೊರೆಯಲು ಹೋದರೆ ಪುಡಿಪುಡಿಯಾಗುತ್ತದೆ, ಮೊದಲೇ ವಿಚಾರಿಸಿಕೊಳ್ಳಿ. ಟ್ಯಾಂಕ್ ನಿಪ್ಪಲ್ (ತೂತಿಗೆ ಕೂರಿಸಿ ಪೈಪ್ ಜೋಡಿಸುವ ಫಿಟ್ಟಿಂಗ್) ಮೊದಲು ಕೊಂಡು, ಅದನ್ನೇ ಗಾಜಿನ ಅಂಗಡಿಗೆ ತೆಗೆದುಕೊಂಡು ಹೋಗಿ, ಅದರ ಮರೆಯ (ನಟ್ ತಿರುಗುವ ಸುರುಳಿ ಗೆರೆಗಳ) ಅಳತೆಗೆ ತೂತು ಹಾಕಿಸಿ. ಒಂದಿಂಚಿನ ನಿಪ್ಪಲ್ ಅಂದರೆ ಒಂದಿಂಚಿನ ತೂತು ಅಲ್ಲ, ಅದಕ್ಕಿಂತ ದೊಡ್ಡದು ಬೇಕು. ತೂತಿನ ಅಂಚಿನಿಂದ ಗಾಜಿನ ಅಂಚಿಗೆ ಕಡೇಪಕ್ಷ ತೂತಿನಷ್ಟೇ ಅಗಲದ ಗಾಜು ಉಳಿದಿರಲಿ. ಕೂರಿಸುವಾಗ ರಬ್ಬರ್ ವಾಷರ್ ನಿಪ್ಪಲಿನ ತಲೆಯ ಕಡೆ, ಅಂದರೆ ಟ್ಯಾಂಕಿನ ಒಳಗೆ ಇರಬೇಕು, ನಟ್ ಹೊರಗೆ. ರಬ್ಬರಿನ ಕೆಳಗೆ ಒಂದು ಮರಳಿನ ಕಣ ಇದ್ದರೂ ಸೋರುತ್ತದೆ, ಗಾಜನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ. ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು, ಅಷ್ಟೇ. ಪಾನಾ ಹಾಕಿ ಒತ್ತಿದರೆ ರಬ್ಬರ್ ಪಕ್ಕಕ್ಕೆ ಜಾರುತ್ತದೆ ಅಥವಾ ಗಾಜು ಸೀಳುತ್ತದೆ.

ಪೈಪ್ ಕೊಳ್ಳುವಾಗ ಒಂದೇ ಜಾತಿಯದ್ದನ್ನು ಕೊಳ್ಳಿ. ನಮ್ಮ ಅಂಗಡಿಗಳಲ್ಲಿ ಒಂದಿಂಚು ಅಂದರೆ ಮೂರು ಬೇರೆ ಪೈಪ್ ಕೊಡಬಹುದು. ಮನೆಗೆ ಹಾಕುವ ಬಿಳಿ ಯುಪಿವಿಸಿ ಹೊರವ್ಯಾಸದಲ್ಲಿ 33.4 ಮಿ.ಮೀ., ಹೊಲಕ್ಕೆ ಹಾಕುವ ಬೂದುಬಣ್ಣದ್ದು 32 ಮಿ.ಮೀ., ಬಿಸಿನೀರಿನ ಸಿಪಿವಿಸಿ 28.6 ಮಿ.ಮೀ. ಒಂದರ ಎಲ್ಬೋ ಇನ್ನೊಂದಕ್ಕೆ ಕೂರುವುದಿಲ್ಲ. ಬಲವಂತವಾಗಿ ಸಾಲ್ವೆಂಟ್ (ಪೈಪಿನ ಅಂಟು) ಮೆತ್ತಿ ಕೂರಿಸಿದರೆ ಮುಂದೊಂದು ದಿನ ಬಿಡುತ್ತದೆ. ಬಿಳಿ ಯುಪಿವಿಸಿ ತೆಗೆದುಕೊಳ್ಳಿ. ಬೆಂಗಳೂರಿನಲ್ಲಾದರೆ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಯೂನಿಯನ್ (ಪೈಪನ್ನು ಬಿಚ್ಚಿ ಮತ್ತೆ ಸೇರಿಸುವ ಜೋಡಣೆ), ವಾಲ್ವ್ ಎಲ್ಲ ಸಿಗುತ್ತವೆ. ಒಳಗೆ ಹಿತ್ತಾಳೆ ಮರೆ ಇರುವ ಫಿಟ್ಟಿಂಗ್ ಕೊಟ್ಟರೆ ವಾಪಸ್ ಕೊಡಿ. ನಲ್ಲಿ ಕೂರಿಸಲು ಅದು ಗಟ್ಟಿ ಅಂತ ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ. ಆದರೆ ಹಿತ್ತಾಳೆಯಲ್ಲಿ ತಾಮ್ರ ಇದೆ, ತಾಮ್ರ ಸಿಗಡಿ, ಬಸವನಹುಳ, ಹವಳಗಳಿಗೆ ವಿಷ. ಎರಡೂ ಪೈಪಿಗೆ ಒಂದೊಂದು ಯೂನಿಯನ್ ಹಾಕಿ, ಇಲ್ಲದಿದ್ದರೆ ತೊಳೆಯುವ ದಿನ ಪೈಪ್ ಕೊಯ್ಯಬೇಕಾಗುತ್ತದೆ.

ಇನ್ನು ಕರೆಂಟ್ ಹೋದಾಗಿನ ಲೆಕ್ಕ. ಇದನ್ನು ಕಾಗದದ ಮೇಲೆ ಬರೆದೇ ಮಾಡಿ. ಪಂಪ್ ನಿಂತ ಕೂಡಲೇ ಎರಡೂ ಟ್ಯಾಂಕ್‌ಗಳ ಮೇಲ್ಪದರದ ನೀರು ಸಂಪಿಗೆ ಇಳಿಯುತ್ತದೆ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಡಿಸ್‌ಪ್ಲೇ 2.5 ಸೆಂ.ಮೀ. ಇಳಿದರೆ 13.5 ಲೀಟರ್. ರೆಫ್ಯೂಜಿಯಂ 1.5 ಸೆಂ.ಮೀ. ಇಳಿದರೆ ಸುಮಾರು 4 ಲೀಟರ್. ಒಂದಿಂಚಿನ ಪೈಪಿನಲ್ಲಿ ಮೀಟರಿಗೆ ಅರ್ಧ ಲೀಟರ್ ಆಸುಪಾಸು. ಎಲ್ಲ ಸೇರಿ 20 ಲೀಟರ್ ಹತ್ತಿರ ಬಂತು. 90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಸಂಪಿನಲ್ಲಿ ಅದಕ್ಕೆ ಐದೂವರೆ ಸೆಂ.ಮೀ. ಜಾಗ ಬೇಕು. ನೀವು 8ರಿಂದ 10 ಸೆಂ.ಮೀ. ಖಾಲಿ ಬಿಡಿ.

ಆದರೆ ಈ ಲೆಕ್ಕ ಸರಿಹೋಗಬೇಕಾದರೆ ರೆಫ್ಯೂಜಿಯಂಗೆ ನೀರು ತರುವ ಪೈಪಿನ ಬಾಯಿ ನೀರಿನ ಮೇಲಿರಬೇಕು. ಅದು 20 ಸೆಂ.ಮೀ. ಆಳದಲ್ಲಿ ಮುಳುಗಿದ್ದರೆ, ಪಂಪ್ ನಿಂತಾಗ ಸೈಫನ್ ಹಿಡಿದು 54 ಲೀಟರ್ ಹಿಂದಕ್ಕೆ ಬಂದು ಸಂಪ್ ಉಕ್ಕುತ್ತದೆ. ಡಿಸ್‌ಪ್ಲೇ ಟ್ಯಾಂಕಿನ ರಿಟರ್ನ್ ಬಾಯಿಗೂ ಇದೇ ಮಾತು, ಅದು ನೀರಿನ ಮೇಲ್ಮೈಗೆ ಹತ್ತಿರವೇ ಇರಲಿ. ಈಗ ಕವಲು ಬೇರೆ ಇರುವುದರಿಂದ ಅಲ್ಲಿಂದ ಹಿಂದೆ ಬರುವ ನೀರು ಸ್ವಲ್ಪ ರೆಫ್ಯೂಜಿಯಂ ಕಡೆಗೂ ತಿರುಗಬಹುದು, ವಾಪಸ್ ಪೈಪ್ ತೆರೆದಿರುವ ತನಕ ತೊಂದರೆ ಇಲ್ಲ. ನಾನ್ ರಿಟರ್ನ್ ವಾಲ್ವ್ ಹಾಕಿದ್ದೇನಲ್ಲ ಅಂತ ಧೈರ್ಯವಾಗಿ ಇರಬೇಡಿ. ಒಂದು ಸುಣ್ಣದ ಚೂರು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ.

ಸಾಲ್ವೆಂಟ್ ಹಚ್ಚಿ ಒಂದು ದಿನ ಒಣಗಲು ಬಿಟ್ಟು, ಸಂಪಿಗೆ ಸೇರಿಸುವ ಮುಂಚೆ ಹೊಸ ಟ್ಯಾಂಕಿಗೆ ಬರೀ ಸಿಹಿನೀರು ತುಂಬಿ ಬಕೆಟ್ ಇಟ್ಟು ಓಡಿಸಿ ನೋಡಿ. ಪ್ರತಿ ಕೀಲಿನ ಕೆಳಗೂ ಟಿಶ್ಯೂ ಒತ್ತಿ ನೋಡಿದರೆ ಕಣ್ಣಿಗೆ ಕಾಣದ ಸೋರಿಕೆಯೂ ಗೊತ್ತಾಗುತ್ತದೆ. ಆ ನೀರು ಚೆಲ್ಲಿ, ಉಪ್ಪುನೀರು ಬೇರೆ ಕಲಸಿಕೊಳ್ಳಿ. 100 ಲೀಟರಿಗೆ ಕಡೇಪಕ್ಷ ಮೂರೂವರೆ ಕೆ.ಜಿ. ಉಪ್ಪು ಬೇಕು, ಹಳೇ ಟ್ಯಾಂಕಿನಷ್ಟೇ ಸಾಂದ್ರತೆ, ಅಷ್ಟೇ ಬಿಸಿ ಇರಲಿ. ಎಲ್ಲ ಸೇರಿಸಿದ ಮೇಲೆ ಪಂಪಿನ ಸ್ವಿಚ್ ಬೇಕೆಂದೇ ಆರಿಸಿ, ಸಂಪ್ ಎಷ್ಟು ಏರುತ್ತದೆ ಅಂತ ಟೇಪ್ ಅಂಟಿಸಿ ಗುರುತು ಮಾಡಿ. ಮತ್ತೆ ಹಾಕಿ, ಮತ್ತೆ ಆರಿಸಿ. ನಂತರ ಮೊದಲ ವಾಪಸ್ ತೂತನ್ನು ಕೈಯಿಂದ ಮುಚ್ಚಿ, ಎರಡನೆಯದು ಅಷ್ಟೂ ನೀರು ಎಳೆಯುತ್ತದಾ ನೋಡಿ. ವೈರುಗಳು ಪ್ಲಗ್ ಪಾಯಿಂಟಿಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲೆ ಹೋಗಿರಲಿ, ಹನಿ ಅಲ್ಲೇ ಬೀಳುತ್ತದೆ. ಆ ಪಾಯಿಂಟಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿಕೊಂಡೇ ಮುಂದುವರಿಯಿರಿ. ಆವಿಯಾದ ನೀರು ತುಂಬುವ ಸೆನ್ಸರ್ ಸಂಪಿನಲ್ಲಿ ರಿಟರ್ನ್ ಪಂಪ್ ಇರುವ ವಿಭಾಗದಲ್ಲೇ ಇರಬೇಕು. ರೆಫ್ಯೂಜಿಯಂ ಮಟ್ಟ ತೂತಿನ ಎತ್ತರಕ್ಕೇ ನಿಂತಿರುತ್ತದೆ, ಅಲ್ಲಿ ಇಟ್ಟರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ.

ಒಳಗೆ ಏನು ಹಾಕುವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೀಟೊ ಹಾಕಿ, ಕಾಲರ್ಪಾ ಎಂಬ ಇನ್ನೊಂದು ಪಾಚಿ ಬೇಡ. ಕಾಲರ್ಪಾ ಚೆಂದ ಇರುತ್ತದೆ, ಬೇಗ ಬೆಳೆಯುತ್ತದೆ. ಆದರೆ ಒಮ್ಮೊಮ್ಮೆ ಸಂತಾನಾಣುಗಳನ್ನು (ಗ್ಯಾಮೀಟ್) ಬಿಟ್ಟು ಇದ್ದಕ್ಕಿದ್ದಂತೆ ಸಾಯುತ್ತದೆ, ನೀರು ಹಾಲಿನಂತೆ ಬಿಳುಚಿಕೊಂಡು ಹೀರಿದ್ದ ನೈಟ್ರೇಟ್, ಫಾಸ್ಫೇಟ್ ಎಲ್ಲ ವಾಪಸ್ ಬರುತ್ತದೆ. ದೀಪವನ್ನು ಡಿಸ್‌ಪ್ಲೇ ಆರಿದ ಮೇಲೆ ರಾತ್ರಿ ಉರಿಸಿ. ರಾತ್ರಿ ಎಲ್ಲ ಜೀವಿಗಳೂ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಪಿಎಚ್ ಇಳಿಯುತ್ತದೆ. ಆಗ ಪಾಚಿ ಅದನ್ನು ಹೀರಿಕೊಂಡರೆ ಇಳಿತ ಕಡಿಮೆಯಾಗುತ್ತದೆ. ಸಮುದ್ರದಿಂದ ಕಿತ್ತು ತಂದ ಹವಳದ ಕಲ್ಲನ್ನು ಯಾರಾದರೂ ಕಡಿಮೆ ಬೆಲೆಗೆ ಕೊಡುತ್ತೇವೆ ಅಂದರೆ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳ ರಕ್ಷಿತ ಜೀವಿ. ಒಣ ಸೆರಾಮಿಕ್ ತುಂಡುಗಳೇ ಸಾಕು, ಕೋಪೆಪಾಡ್‌ಗಳು ಅದರ ಸಂದಿಗಳಲ್ಲೇ ಮರಿ ಮಾಡುತ್ತವೆ.

ಪಾಚಿ ಉಂಡೆ ದೊಡ್ಡದಾದಾಗ ಅರ್ಧ ಕಿತ್ತು ತೆಗೆಯಿರಿ, ನೈಟ್ರೇಟ್ ಮನೆಯಿಂದ ಹೊರಗೆ ಹೋಗುವುದು ಹಾಗೆಯೇ. ಕೀಳುವ ಮುಂಚೆ ಟ್ಯಾಂಕಿನ ನೀರು ತೆಗೆದ ಬಕೆಟಿನಲ್ಲಿ ಅದನ್ನು ನಾಲ್ಕು ಸಲ ಅಲ್ಲಾಡಿಸಿ, ಪಾಡ್‌ಗಳು ಉದುರುತ್ತವೆ, ಆ ನೀರನ್ನು ಡಿಸ್‌ಪ್ಲೇಗೆ ಸುರಿಯಿರಿ. ಕಿತ್ತ ಪಾಚಿಯನ್ನು ಕೆರೆಗೋ ಚರಂಡಿಗೋ ಹಾಕಬೇಡಿ. ಉಪ್ಪು ಹೋಗುವ ಹಾಗೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿದರೆ ಗೊಬ್ಬರದ ಗುಂಡಿಗೆ ಹಾಕಬಹುದು.